ಒಂಬತ್ತು ನಿಮಿಷದ ಬಿಸಿಲು: ಒಂದು ಸನ್‌ಬೆಡ್ ಪ್ರಕರಣದ ಅಧ್ಯಯನ

ನಾನು ಹುಟ್ಟಿ ಬೆಳೆದದ್ದು ದಾವಣಗೆರೆಯ ಕಡೆ. ಈಗ ಉತ್ತರ ಇಂಗ್ಲೆಂಡಿನ ಒಂದು ಊರಿನ ಔಷಧಿ ಅಂಗಡಿಯಲ್ಲಿ ಫಾರ್ಮಾಸಿಸ್ಟ್. ಈ ಪ್ರಕರಣದ ಹೆಣ್ಣುಮಗಳು ತನ್ನ ವಿಷಯ ಬರೆಯಲು ಒಪ್ಪಿದ್ದಾಳೆ. ಆದರೂ ವಯಸ್ಸು, ಮನೆ, ಕೆಲಸದ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಅವಳನ್ನು ರೋಸಿ ಎಂದು ಕರೆಯುತ್ತೇನೆ; ಅದು ಅವಳ ಹೆಸರಲ್ಲ.

ಬಿಳಿಯರ ಊರಿನ ಈ ಸಂಗತಿ ಕನ್ನಡದವರಿಗೆ ಯಾಕೆ ಬೇಕು ಎಂದು ನನಗೂ ಅನ್ನಿಸಿತ್ತು. ಕಳೆದ ಚಳಿಗಾಲದಲ್ಲಿ ಇಲ್ಲಿಯೇ ಇರುವ ಕನ್ನಡದ ಗೆಳೆಯನೊಬ್ಬ ಫೋನ್ ಮಾಡಿ, ‘ಹೆಂಡತಿಗೆ ವಿಟಮಿನ್ ಡಿ ತೀರಾ ಕಡಿಮೆಯಂತೆ, ವಾರಕ್ಕೊಮ್ಮೆ ಸನ್‌ಬೆಡ್ಡಿಗೆ ಕಳುಹಿಸಿದರೆ ಹೇಗೆ?’ ಎಂದು ಕೇಳಿದ ಮೇಲೆ ಆ ಅನುಮಾನ ಹೋಯಿತು.

ಹಿನ್ನೆಲೆ

ಸನ್‌ಬೆಡ್ ನೋಡದವರಿಗೆ ಒಂದು ಮಾತು. ಮುಚ್ಚಳವಿರುವ ದೊಡ್ಡ ಪೆಟ್ಟಿಗೆಯಂಥ ಹಾಸಿಗೆ. ಕೆಳಗೂ ಮೇಲೂ ಸಾಲಾಗಿ ಟ್ಯೂಬ್‌ಲೈಟುಗಳು. ಬಟ್ಟೆ ಕಳಚಿ ಒಳಗೆ ಮಲಗಿ ಮುಚ್ಚಳ ಎಳೆದುಕೊಂಡರೆ ನೀಲಿ ಬೆಳಕು, ಫ್ಯಾನಿನ ಸದ್ದು, ಹಿತವಾದ ಬಿಸಿ. ಟ್ಯೂಬುಗಳಿಂದ ಬರುವುದು ಅತಿನೇರಳೆ ಕಿರಣ, ಅದರಲ್ಲೂ ಬಹುಪಾಲು ಚರ್ಮದ ಆಳಕ್ಕೆ ಇಳಿಯುವ ಯುವಿಎ. ಬಿಳಿ ಚರ್ಮ ಕೆಲವೇ ದಿನಗಳಲ್ಲಿ ಕಂದಾಗುತ್ತದೆ. ಇಲ್ಲಿ ಅದೇ ಆರೋಗ್ಯದ ಬಣ್ಣ, ರಜೆಗೆ ಸ್ಪೇನಿಗೆ ಹೋಗಿ ಬಂದವರ ಬಣ್ಣ. ನಮ್ಮೂರಿನ ಮೆಡಿಕಲ್ ಸ್ಟೋರಿನಲ್ಲಿ ಬೆಳ್ಳಗಾಗಲು ಸ್ಟೀರಾಯ್ಡ್ ಕ್ರೀಮು ಕೇಳುವವರನ್ನು ನೋಡಿ ಬಂದ ನನಗೆ ಮೊದಮೊದಲು ಇದು ತಮಾಷೆಯಾಗಿತ್ತು. ಆ ತಮಾಷೆ ನನ್ನನ್ನು ಒಂದು ವರ್ಷ ದಾರಿ ತಪ್ಪಿಸಿತು. ರೋಸಿಯ ವಿಷಯವೆಲ್ಲ ಬಣ್ಣದ್ದೇ ಎಂದುಕೊಂಡುಬಿಟ್ಟಿದ್ದೆ.

ರೋಸಿಗೆ ಆಗ 27. ವೃದ್ಧಾಶ್ರಮದಲ್ಲಿ ರಾತ್ರಿ ಪಾಳಿಯ ಆರೈಕೆ ಕೆಲಸ, ಎಂಟರಿಂದ ಎಂಟು. ಕೆಂಚು ಕೂದಲು, ಮೂಗಿನ ಮೇಲೆ ಎಳ್ಳು ಚೆಲ್ಲಿದಂಥ ಚುಕ್ಕೆಗಳು. ಬಿಸಿಲಿಗೆ ಬೇಗ ಸುಡುವ, ಕಷ್ಟಪಟ್ಟು ಸ್ವಲ್ಪ ಕಂದಾಗುವ ಚರ್ಮ; ಚರ್ಮವೈದ್ಯರು ಬಳಸುವ ಫಿಟ್ಸ್‌ಪ್ಯಾಟ್ರಿಕ್ ಆರು ಬಗೆಗಳಲ್ಲಿ ಎರಡನೆಯದು. ಅವಳು ಹದಿನೈದರಲ್ಲಿದ್ದಾಗ ತಾಯಿ ಸನ್‌ಬೆಡ್ ಒಂದನ್ನು ಬಾಡಿಗೆಗೆ ತರಿಸಿ ಮಲಗುವ ಕೋಣೆಯಲ್ಲಿ ಹಾಕಿಸಿದ್ದರಂತೆ. ಒಂದು ಕಾಲಕ್ಕೆ ನಮ್ಮಲ್ಲಿ ಟಿವಿ ಇದ್ದ ಮನೆಗೆ ಓಣಿಯವರೆಲ್ಲ ಬರುತ್ತಿದ್ದ ಹಾಗೆ ಅಕ್ಕಪಕ್ಕದ ಹೆಂಗಸರು ಸರದಿಯಲ್ಲಿ ಬರುತ್ತಿದ್ದರು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 18 ತುಂಬದವರನ್ನು ಸನ್‌ಬೆಡ್ ಅಂಗಡಿಗೆ ಬಿಟ್ಟುಕೊಳ್ಳಬಾರದೆಂಬ ಕಾನೂನು 2011ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಮಲಗುವ ಕೋಣೆಯಲ್ಲಿ ಏನು ನಡೆಯುತ್ತದೆಂದು ಯಾರು ನೋಡುತ್ತಾರೆ?

ನಾನು ಅವಳನ್ನು ಕಂಡಾಗ ವಾರಕ್ಕೆ ಮೂರು ಸಲ, ಸಲಕ್ಕೆ ಒಂಬತ್ತು ನಿಮಿಷ ಎಂಬುದು ಅವಳ ಲೆಕ್ಕ. ಅಂಗಡಿಯವರು ನಿಮಿಷಗಳನ್ನು ಕಟ್ಟು ಕಟ್ಟಾಗಿ ಮಾರುತ್ತಾರೆ. ಹೆಚ್ಚು ಕೊಂಡಷ್ಟೂ ಅಗ್ಗ.

ಡಬ್ಬಿಯ ಮೇಲಿನ ಚೀಟಿ

ಅಕ್ಟೋಬರಿನ ಒಂದು ಶನಿವಾರ ರೋಸಿ ಮೊಡವೆಗೆಂದು ವೈದ್ಯರು ಬರೆದ ಡಾಕ್ಸಿಸೈಕ್ಲಿನ್ ಮಾತ್ರೆಗಳನ್ನು ನಮ್ಮ ಅಂಗಡಿಯಿಂದ ಒಯ್ದಳು. ಕೊಟ್ಟವನು ನಾನೇ. ಡಬ್ಬಿಯ ಮೇಲೆ ನಮ್ಮ ಯಂತ್ರವೇ ಮುದ್ರಿಸಿ ಅಂಟಿಸುವ ಚೀಟಿಯಲ್ಲಿ, ಎಂದಿನ ಎಚ್ಚರಿಕೆ ಇತ್ತು: ಚರ್ಮವನ್ನು ಬಿಸಿಲಿನಿಂದ ಕಾಪಾಡಿಕೊಳ್ಳಿ, ಸನ್‌ಬೆಡ್ ಬಳಸಬೇಡಿ. ಅಕ್ಷರಗಳು ಅಕ್ಕಿಕಾಳಿಗಿಂತ ಚಿಕ್ಕವು. ಹಿಂದೆ ಏಳೆಂಟು ಜನ ಸಾಲಿನಲ್ಲಿದ್ದರು. ಹೊರಗೆ ಮಳೆ. ಅಕ್ಟೋಬರಿನ ಮಳೆಯಲ್ಲಿ ಬಿಸಿಲಿನ ಮಾತು ಯಾಕೆ ಎಂದು ನಾನು ಬಾಯಿ ತೆರೆಯಲಿಲ್ಲ.

ಹತ್ತು ದಿನಗಳ ಮೇಲೆ ಅವಳು ಕತ್ತಿನವರೆಗೆ ಶಾಲು ಸುತ್ತಿಕೊಂಡು ಬಂದಳು. ಒಳಗಿನ ಚಿಕ್ಕ ಕೋಣೆಯಲ್ಲಿ ಶಾಲು ತೆಗೆದಾಗ ಎದೆ, ತೋಳು, ಕೈಬೆನ್ನು, ಮೂಗು ಎಲ್ಲ ಬೀಟ್‌ರೂಟ್ ಬಣ್ಣ. ಹೆಗಲ ಮೇಲೆ ನೀರು ತುಂಬಿದ ಗುಳ್ಳೆಗಳು. ಅಂಗಿಯ ಬಟ್ಟೆ ತಾಗಿದರೂ ಹಲ್ಲು ಕಚ್ಚುತ್ತಿದ್ದಳು.

‘ಎಂದಿನ ಒಂಬತ್ತು ನಿಮಿಷವೇ ಮಲಗಿದ್ದು. ಒಂದು ನಿಮಿಷವೂ ಹೆಚ್ಚಿಲ್ಲ,’ ಎಂದಳು.

ಅದು ನಿಜವೇ. ಡಾಕ್ಸಿಸೈಕ್ಲಿನ್ ಚರ್ಮದಲ್ಲಿ ಸೇರಿಕೊಂಡಿರುವಾಗ ಯುವಿಎ ಕಿರಣ ಬಿದ್ದರೆ ಔಷಧಿಯ ಕಣಗಳು ಆ ಶಕ್ತಿಯನ್ನು ಹೀರಿಕೊಂಡು ಸುತ್ತಲಿನ ಜೀವಕೋಶಗಳನ್ನು ಸುಡುತ್ತವೆ. ಮೋಡ ಕವಿದ ಇಂಗ್ಲೆಂಡಿನ ಅಕ್ಟೋಬರಿನಲ್ಲಿ ಬಯಲಿನ ಯುವಿಎ ಅಷ್ಟಕ್ಕಷ್ಟೆ. ಪೆಟ್ಟಿಗೆಯೊಳಗೆ ಅದರದ್ದೇ ರಾಜ್ಯ. ಸನ್‌ಬೆಡ್ ಅಂಗಡಿಯವರು ತುಂಬಿಸಿಕೊಳ್ಳುವ ಫಾರಂನಲ್ಲಿ ‘ಔಷಧಿ ತೆಗೆದುಕೊಳ್ಳುತ್ತಿದ್ದೀರಾ?’ ಎಂಬ ಪ್ರಶ್ನೆ ಇತ್ತು. ಅವಳು ಇಲ್ಲ ಎಂದು ಟಿಕ್ ಹಾಕಿದ್ದು ಎರಡು ವರ್ಷದ ಹಿಂದೆ, ಮೊದಲ ಸಲ ಹೋದಾಗ. ಆಮೇಲೆ ಯಾರೂ ಕೇಳಿರಲಿಲ್ಲ. ಮೊಡವೆ ಒಣಗಲೆಂದೇ ಆ ವಾರ ತಪ್ಪದೆ ಹೋಗಿದ್ದಳು. ಸನ್‌ಬೆಡ್ಡಿನಲ್ಲಿ ಮೊಡವೆ ಒಣಗುತ್ತದೆ ಎಂಬುದು ಇಲ್ಲಿ ಮನೆಮನೆಯ ನಂಬಿಕೆ.

ಒದ್ದೆ ಬಟ್ಟೆಯ ತಂಪು, ಸಾದಾ ಮುಲಾಮು, ನೋವಿಗೆ ಮಾತ್ರೆ, ಗುಳ್ಳೆ ಒಡೆಯಬೇಡಿ ಎಂಬ ಮಾತು. ಅಂದೇ ಅವಳ ವೈದ್ಯರಿಗೆ ಫೋನ್ ಮಾಡಿದೆ. ಅವರು ಡಾಕ್ಸಿಸೈಕ್ಲಿನ್ ನಿಲ್ಲಿಸಿ ಬೇರೆ ಔಷಧಿ ಬರೆದರು. ಎರಡು ವಾರದಲ್ಲಿ ಸಿಪ್ಪೆ ಎದ್ದು ಚರ್ಮ ಮಾಗಿತು. ನಮ್ಮ ಅಂಗಡಿಯ ತಪ್ಪುಗಳ ದಾಖಲೆ ಪುಸ್ತಕದಲ್ಲಿ ನನ್ನ ಹೆಸರಿನ ಮುಂದೆ ಇದನ್ನು ಬರೆದೆ. ಚೀಟಿ ಅಂಟಿಸಿತ್ತಲ್ಲ, ನಿಮ್ಮ ತಪ್ಪೇನು ಎಂದು ಸಹೋದ್ಯೋಗಿ ಕೇಳಿದರು. ಅಂಟಿಸಿತ್ತು, ಹೌದು.

ಅಂಕಿಗಳು ಸೋತದ್ದು

ಸುಟ್ಟ ಗಾಯದ ಎದುರು ಉಪದೇಶ ಚೆನ್ನಾಗಿ ನಾಟುತ್ತದೆ ಎಂದು ನಂಬಿದ್ದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2009ರಲ್ಲಿ ಸನ್‌ಬೆಡ್ಡನ್ನು ತಂಬಾಕಿನ ಸಾಲಿಗೇ, ಮೊದಲ ಗುಂಪಿನ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿತು ಎಂದೆ. 35 ತುಂಬುವ ಮೊದಲೇ ಬಳಸಲು ಶುರು ಮಾಡಿದವರಲ್ಲಿ ಮೆಲನೋಮಾ ಎಂಬ ಚರ್ಮದ ಕ್ಯಾನ್ಸರಿನ ಸಂಭವ ಶೇಕಡಾ 59ರಷ್ಟು ಹೆಚ್ಚು ಎಂದೂ ಹೇಳಿದೆ.

‘ಯಾವುದರ ಶೇಕಡಾ 59?’ ಎಂದು ಕೇಳಿದಳು.

ಒಳ್ಳೆಯ ಪ್ರಶ್ನೆ. ನನ್ನ ಬಳಿ ಥಟ್ಟನೆ ಉತ್ತರ ಇರಲಿಲ್ಲ. ನೂರು ಬಳಕೆದಾರರಲ್ಲಿ 59 ಜನರಿಗೆ ಕ್ಯಾನ್ಸರ್ ಎಂದಲ್ಲ, ಬಳಸದವರಿಗೆ ಇರುವ ಸಣ್ಣ ಸಂಭವದ ಮೇಲೆ ಅಷ್ಟು ಏರಿಕೆ ಎಂದು ವಿವರಿಸುವಷ್ಟರಲ್ಲಿ ಅವಳ ಮುಖದಲ್ಲಿ ಸಮಾಧಾನ ಮೂಡಿತ್ತು. ‘ನಮ್ಮ ಅಜ್ಜಿ 82ರವರೆಗೂ ಸಿಗರೇಟು ಸೇದಿದರು,’ ಎಂದಳು. ಗುಳ್ಳೆ ಮಾಗಿದ ಮೂರನೇ ದಿನವೇ ಮತ್ತೆ ಹೋದಳೆಂದು ಆಮೇಲೆ ತಿಳಿಯಿತು.

ಅವಳಿಗೆ ನಾಟಿದ್ದು ಒಂದೇ ಮಾತು, ಅದೂ ಆಕಸ್ಮಿಕವಾಗಿ ಬಂದದ್ದು. ಯುರೋಪಿನ ನಿಯಮದಂತೆ ಯಂತ್ರದ ಸುಡುವ ಶಕ್ತಿ ಚದರ ಮೀಟರಿಗೆ 0.3 ವ್ಯಾಟ್ ಮೀರಬಾರದು. ಅಂದರೆ ಬಿಸಿಲಿನ ಅತಿನೇರಳೆ ಎಷ್ಟು ತೀವ್ರ ಎಂದು ಹೇಳುವ ಯುವಿ ಸೂಚ್ಯಂಕದಲ್ಲಿ 12. ‘ಅದು ನಮ್ಮೂರಿನ ಏಪ್ರಿಲ್ ತಿಂಗಳ ನಡುಮಧ್ಯಾಹ್ನ. ಆ ಹೊತ್ತಿಗೆ ನಮ್ಮಲ್ಲಿ ನಾಯಿಯೂ ನೆರಳು ಹುಡುಕುತ್ತದೆ,’ ಎಂದೆ. ನಕ್ಕಳು. ಇಂಗ್ಲೆಂಡಿನ ಸನ್‌ಬೆಡ್‌ಗಳನ್ನು ಅಳೆದು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹತ್ತರಲ್ಲಿ ಒಂಬತ್ತು ಆ ಮಿತಿಯನ್ನೂ ದಾಟಿದ್ದವು ಎಂದಾಗ ನಗು ನಿಂತಿತು.

ನನ್ನ ಕಾಗದ

ಬಿಡಲಾಗದವಳಿಗೆ ಬಿಡು ಎನ್ನುವುದಕ್ಕಿಂತ ಹಾನಿಯನ್ನಾದರೂ ತಗ್ಗಿಸೋಣ ಎಂದುಕೊಂಡೆ. ಸಿಗರೇಟು ಬಿಡಿಸುವ ಸೇವೆಯಲ್ಲಿ ನಾನು ಕಲಿತದ್ದು ಅದನ್ನೇ. ಡಿಸೆಂಬರಿನಲ್ಲಿ ಕುಳಿತು ಒಂದು ಕಾಗದ ಬರೆದೆವು. ವಾರಕ್ಕೆ ಮೂರರ ಬದಲು ಎರಡು, ತಿಂಗಳ ನಂತರ ಒಂದು. ಕೆಂಪಾದ ಚರ್ಮ ಪೂರ್ತಿ ತಣಿಯುವವರೆಗೆ ಬೇಡ. ಯಾವುದೇ ಹೊಸ ಮಾತ್ರೆ ಶುರುವಾದರೆ ಮೊದಲು ನನ್ನನ್ನು ಕೇಳಬೇಕು. ಕಣ್ಣಿಗೆ ಕನ್ನಡಕ ಕಡ್ಡಾಯ, ಯಾಕೆಂದರೆ ಮುಚ್ಚಿದ ರೆಪ್ಪೆ ತೆಳು, ಕಿರಣವನ್ನು ಪೂರ್ತಿ ತಡೆಯುವುದಿಲ್ಲ. ಸುಗಂಧ ಹಚ್ಚಿಕೊಂಡು ಮಲಗಬಾರದು. ಬೇಗ ಕಂದಾಗಿಸುತ್ತದೆಂದು ಕಳ್ಳದಾರಿಯಲ್ಲಿ ಮಾರುವ ಮೆಲನೋಟಾನ್ ಚುಚ್ಚುಮದ್ದು, ಮೂಗಿನ ಸ್ಪ್ರೇಗಳ ಕಡೆ ತಿರುಗಿಯೂ ನೋಡಬಾರದು. ಪ್ರತಿ ತಿಂಗಳ ಮೊದಲ ದಿನ ಕನ್ನಡಿಯ ಮುಂದೆ ನಿಂತು ಮೈಮೇಲಿನ ಮಚ್ಚೆಗಳನ್ನು ನೋಡಿಕೊಳ್ಳಬೇಕು.

ಪ್ರತಿಯೊಂದು ಸಾಲೂ ಸರಿ. ಇಡೀ ಕಾಗದ ತಪ್ಪು.

ಜನವರಿಯಲ್ಲಿ ಸನ್‌ಬೆಡ್ ಅಂಗಡಿಯ ಹುಡುಗಿಯೇ ನಮ್ಮಲ್ಲಿಗೆ ಕೆಮ್ಮಿನ ಔಷಧಿಗೆ ಬಂದವಳು, ‘ವಾರಕ್ಕೆ ಎರಡು ಸಲ ಮಲಗಬಹುದು ಎಂದು ಬರೆದುಕೊಟ್ಟ ಫಾರ್ಮಾಸಿಸ್ಟ್ ನೀವೇನಾ?’ ಎಂದು ಕೇಳಿದಳು. ರೋಸಿ ಆ ಕಾಗದವನ್ನು ಅಲ್ಲಿ ತೋರಿಸಿದ್ದಳು, ಮೋಸಕ್ಕಲ್ಲ, ಹೆಮ್ಮೆಯಿಂದ. ಔಷಧಿ ಅಂಗಡಿಯವನು ಪ್ರಮಾಣ ಬರೆದರೆ ಅದು ಡೋಸ್. ಎರಡು ಹೊತ್ತು ಊಟದ ನಂತರ, ವಾರಕ್ಕೆರಡು ಸಲ ಮುಚ್ಚಳದ ಕೆಳಗೆ. ನಾನು ಎಲ್ಲಿಯೂ ‘ಇದರಲ್ಲಿ ಸುರಕ್ಷಿತ ಪ್ರಮಾಣ ಎಂಬುದಿಲ್ಲ’ ಎಂದು ಬರೆದಿರಲಿಲ್ಲ. ಬಾಯಲ್ಲಿ ಹೇಳಿದ್ದೆ. ಬಾಯಲ್ಲಿ ಹೇಳಬೇಕಾದದ್ದನ್ನು ಚೀಟಿಯಲ್ಲಿ ಬಿಟ್ಟೆ, ಬರೆಯಬೇಕಾದದ್ದನ್ನು ಬಾಯಲ್ಲಿ ಹೇಳಿದೆ.

ಇಲ್ಲಿ ಒಂದು ಗೊಂದಲ ಬಿಡಿಸಬೇಕು. ತೊನ್ನು, ಸೋರಿಯಾಸಿಸ್‌ಗೆ ಬೆಂಗಳೂರು, ಮಣಿಪಾಲದ ಆಸ್ಪತ್ರೆಗಳಲ್ಲಿಯೂ ಅತಿನೇರಳೆ ಬೆಳಕಿನ ಚಿಕಿತ್ಸೆ ಕೊಡುತ್ತಾರೆ. ಅದು ಯುವಿಬಿ ಎಂಬ ಇನ್ನೊಂದು ಬಗೆಯ ಅತಿನೇರಳೆ ಕಿರಣ, ಅದರಲ್ಲೂ 311 ನ್ಯಾನೋಮೀಟರ್ ತರಂಗಾಂತರದ ಆಸುಪಾಸಿನ ಕಿರಿದಾದ ಪಟ್ಟಿ. ವೈದ್ಯರು ಅಳೆದು, ಲೆಕ್ಕವಿಟ್ಟು, ರೋಗಕ್ಕಾಗಿ ಕೊಡುವಂಥದ್ದು. ಅದನ್ನು ಪಡೆಯುತ್ತಿರುವವರು ಈ ಬರಹ ಓದಿ ಚಿಕಿತ್ಸೆ ನಿಲ್ಲಿಸಬೇಡಿ.

ಮಚ್ಚೆ

ಕಾಗದದಿಂದ ಒಂದು ಒಳಿತೂ ಆಯಿತು. ಫೆಬ್ರುವರಿ ಒಂದರಂದು ಕನ್ನಡಿಯ ಮುಂದೆ ನಿಂತ ರೋಸಿ ಎಡ ಮೀನಖಂಡದ ಮೇಲೆ ಒಂದು ಮಚ್ಚೆ ಬದಲಾದದ್ದನ್ನು ಕಂಡಳು. ಮೊಬೈಲಿನಲ್ಲಿ ಹಿಂದಿನ ತಿಂಗಳ ಫೋಟೋ ಇತ್ತು. ಎರಡು ಅರ್ಧ ಒಂದಕ್ಕೊಂದು ಹೊಂದುವುದಿಲ್ಲ, ಅಂಚು ಇಲಿ ಕಡಿದ ರೊಟ್ಟಿಯಂತೆ, ಒಂದೇ ಮಚ್ಚೆಯಲ್ಲಿ ಕಂದು ಕಪ್ಪು ಎರಡೂ ಬಣ್ಣ, ಅಗಲ ಪೆನ್ಸಿಲಿನ ತುದಿಯ ರಬ್ಬರಿಗಿಂತ ಸ್ವಲ್ಪ ಹೆಚ್ಚು. ಅಂದೇ ಅವಳ ವೈದ್ಯರಲ್ಲಿಗೆ ಕಳುಹಿಸಿದೆ, ಅವರು ಆಸ್ಪತ್ರೆಯ ಚರ್ಮ ವಿಭಾಗಕ್ಕೆ ತುರ್ತು ಪತ್ರ ಬರೆದರು. ಅಲ್ಲಿ ಚರ್ಮವನ್ನು ದೊಡ್ಡದಾಗಿ ತೋರಿಸುವ ಡರ್ಮಟೋಸ್ಕೋಪ್ ಇಟ್ಟು ನೋಡಿ, ಮಚ್ಚೆಯನ್ನು ಪೂರ್ತಿ ಕತ್ತರಿಸಿ ತೆಗೆದು ಪ್ರಯೋಗಾಲಯಕ್ಕೆ ಕಳುಹಿಸಿದರು.

(ನಮ್ಮಂಥ ಕಂದು ಚರ್ಮದವರಲ್ಲಿ ಮೆಲನೋಮಾ ಅಪರೂಪ. ಆದರೆ ಬಂದಾಗ ಅಂಗಾಲು, ಅಂಗೈ, ಉಗುರಿನ ಅಡಿಯಲ್ಲಿ ಬರುವುದೇ ಹೆಚ್ಚು. ಮುಳ್ಳು ಚುಚ್ಚಿದ ಕಲೆ, ಬೂಟು ಒತ್ತಿದ ಕಲೆ ಎಂದು ವರ್ಷಗಟ್ಟಲೆ ಬಿಡುತ್ತೇವೆ. ಕನ್ನಡಿಯ ಮುಂದೆ ನಿಂತಾಗ ಅಂಗಾಲನ್ನೂ ಎತ್ತಿ ನೋಡಿ.)

ವರದಿ ಬರುವವರೆಗಿನ ವಾರಗಳಲ್ಲಿ ರೋಸಿ ಸನ್‌ಬೆಡ್ ಅಂಗಡಿಯ ಬೀದಿಯಲ್ಲೂ ಓಡಾಡಲಿಲ್ಲ. ಏಪ್ರಿಲಿನಲ್ಲಿ ಫಲಿತಾಂಶ ಬಂತು. ಕ್ಯಾನ್ಸರ್ ಅಲ್ಲ, ಜೀವಕೋಶಗಳು ಸ್ವಲ್ಪ ಅಸಹಜವಾಗಿದ್ದ ಮಚ್ಚೆ, ಪೂರ್ತಿ ತೆಗೆದಾಗಿದೆ. ಅಂಥ ಮಚ್ಚೆ ಇರುವವರು ಬಿಸಿಲು, ಸನ್‌ಬೆಡ್ ಎರಡರಿಂದಲೂ ದೂರವಿದ್ದು ಉಳಿದವುಗಳ ಮೇಲೆ ಕಣ್ಣಿಡಬೇಕು ಎಂದೂ ಪತ್ರದಲ್ಲಿತ್ತು. ಅಂಗಡಿಗೆ ಚಾಕೊಲೇಟ್ ಡಬ್ಬಿ ತಂದಳು. ಎಲ್ಲರೂ ತಿಂದೆವು. ನಾನೂ ‘ಸದ್ಯ, ಬಚಾವಾದಿರಿ’ ಎಂದೆ.

ಮೇ ತಿಂಗಳಲ್ಲಿ ಅವಳು ವಾರಕ್ಕೆ ನಾಲ್ಕು ಸಲ ಹೋಗುತ್ತಿದ್ದಳು. ಅವಳ ಪ್ರಕಾರ ಆ ಪತ್ರದ ಅರ್ಥ ಹೀಗೆ: ಹನ್ನೆರಡು ವರ್ಷ ಮಲಗಿದೆ, ಪರೀಕ್ಷೆಯಾಯಿತು, ಏನೂ ಇಲ್ಲ. ಜೊತೆಗೆ ಜೂನಿನಲ್ಲಿ ಸ್ಪೇನಿಗೆ ಹೊರಟಿದ್ದಳು. ಮೊದಲೇ ಸ್ವಲ್ಪ ಕಂದಾಗಿದ್ದರೆ ಅಲ್ಲಿ ಸುಡುವುದಿಲ್ಲ ಎಂಬ ಹಳೆಯ ವಾದ. ಆ ಕಂದು ಕೊಡುವ ರಕ್ಷಣೆ ಎಸ್‌ಪಿಎಫ್ 3–4ರ ಸನ್‌ಸ್ಕ್ರೀನ್ ಕ್ರೀಮಿನಷ್ಟು. ಕೊಡೆಯೆಂದು ಕರವಸ್ತ್ರ ಹಿಡಿದಂತೆ.

ಡಬ್ಬಿಯ ಚೀಟಿ, ಅಂಗಡಿಯ ಫಾರಂ, ನನ್ನ ಕಾಗದ, ಆಸ್ಪತ್ರೆಯ ಪತ್ರ. ಬರೆದವರೆಲ್ಲ ತಮ್ಮ ಕೆಲಸ ಮುಗಿಯಿತು ಎಂದುಕೊಂಡಿದ್ದೆವು. ಪ್ರತಿಯೊಂದನ್ನೂ ರೋಸಿ ಬೇರೆಯೇ ರೀತಿ ಓದಿದಳು, ಅಥವಾ ಓದಲೇ ಇಲ್ಲ.

ಚಳಿ ಕಾಯಿಸುವುದು

ಜುಲೈಯಲ್ಲಿ ಅವಳು ಹೂಪರಾಗದ ಅಲರ್ಜಿಗೆ ಮಾತ್ರೆ ಕೇಳಿಕೊಂಡು ಬಂದಳು. ಬೆಳಿಗ್ಗೆ ಒಂಬತ್ತೂವರೆ. ಪಾಳಿ ಮುಗಿಸಿ, ಸನ್‌ಬೆಡ್ ಮುಗಿಸಿ ಬಂದಿದ್ದಳು. ಕೆನ್ನೆಯ ಮೇಲೆ ಕನ್ನಡಕದ ಅಚ್ಚು ಇನ್ನೂ ಇತ್ತು. ನನಗೆ ಹೇಳಲು ಏನೂ ಉಳಿದಿರಲಿಲ್ಲ. ಸುಮ್ಮನೆ ಕೇಳಿದೆ: ‘ಅಲ್ಲಿ ಮಲಗಿದಾಗ ಏನು ಯೋಚಿಸುತ್ತೀರಿ?’

‘ಏನೂ ಇಲ್ಲ. ಅದಕ್ಕೇ ಹೋಗುವುದು.’

ಆಮೇಲೆ ತಾನಾಗಿ ಮಾತಾಡಿದಳು. ಹಿಂದಿನ ರಾತ್ರಿ ವೃದ್ಧಾಶ್ರಮದಲ್ಲಿ ಒಬ್ಬರು ತೀರಿಕೊಂಡಿದ್ದರು. ಅವರ ಮೈ ಒರೆಸಿ, ಹಾಸಿಗೆ ಬದಲಿಸಿ, ಬಸ್ ಹಿಡಿದು ಬಂದರೆ ಮನೆಯಲ್ಲಿ ತಾಯಿ, ತಂಗಿಯ ಮಗು, ಟಿವಿ. ಮೈಯೆಲ್ಲ ತಣ್ಣಗೆ ಕೊರೆಯುತ್ತಿರುತ್ತದೆ, ಕಣ್ಣು ಮುಚ್ಚಿದರೆ ನಿದ್ದೆ ಬಾರದು. ಆ ಪೆಟ್ಟಿಗೆಯೊಳಗೆ ಬಿಸಿ ಇದೆ, ಬೆಳಕಿದೆ, ಯಾರೂ ಗಂಟೆ ಬಾರಿಸಿ ಕರೆಯುವುದಿಲ್ಲ. ಒಂಬತ್ತು ನಿಮಿಷದ ನಂತರ ಮನೆಗೆ ಹೋದರೆ ನಿದ್ದೆ ಬರುತ್ತದೆ.

ನಾನು ತಮಾಷೆಯೆಂದುಕೊಂಡಿದ್ದ ಬಣ್ಣ ಈ ಮಾತಿನಲ್ಲಿ ಎಲ್ಲಿಯೂ ಇರಲಿಲ್ಲ. ನಮ್ಮಜ್ಜ ಮಾಘದ ಬೆಳಿಗ್ಗೆ ಕಂಬಳಿ ಹೊದ್ದು ಜಗಲಿಯ ಎಳೆಬಿಸಿಲಿಗೆ ಕೂರುತ್ತಿದ್ದರು, ಹೊಲದಲ್ಲಿ ಕಸಕಡ್ಡಿ ಉರಿ ಹಾಕಿ ಸುತ್ತ ಕೂತು ಚಳಿ ಕಾಯಿಸುತ್ತಿದ್ದರು. ರೋಸಿ ಮಾಡುತ್ತಿದ್ದದ್ದು ಅದು. ಉರಿ ಮಾತ್ರ ತಪ್ಪು ಉರಿ.

ಇದು ಬರಿಯ ಭಾವುಕತೆಯಲ್ಲ. ಅತಿನೇರಳೆ ಕಿರಣ ಬಿದ್ದಾಗ ಚರ್ಮವೇ ಬೀಟಾ-ಎಂಡಾರ್ಫಿನ್ ತಯಾರಿಸುತ್ತದೆ, ದೇಹದ ಸ್ವಂತ ನೋವು ನಿವಾರಕ. ಮೇಲಿಂದ ಮೇಲೆ ಸನ್‌ಬೆಡ್ ಬಳಸುವ ಕೆಲವರಿಗೆ ಅದನ್ನು ತಡೆಯುವ ನಾಲ್‌ಟ್ರೆಕ್ಸೋನ್ ಎಂಬ ಮಾತ್ರೆ ಕೊಟ್ಟಾಗ ಚಟ ಬಿಟ್ಟವರಂತೆ ವಾಕರಿಕೆ, ನಡುಕ ಬಂದದ್ದು 2006ರ ಒಂದು ಸಣ್ಣ ಅಮೆರಿಕನ್ ಅಧ್ಯಯನದಲ್ಲಿ ದಾಖಲಾಗಿದೆ. ಅವಳಿಗೆ ಅದನ್ನು ಹೇಳಿದಾಗ, ‘ಹಾಗಾದರೆ ನಾನು ಬರೀ ಶೋಕಿಯವಳಲ್ಲ,’ ಎಂದಳು. ಯಾರೋ ಹಾಗೆ ಅಂದಿದ್ದರೆಂದು ಕಾಣುತ್ತದೆ. ನಾನೂ ಮನಸ್ಸಿನಲ್ಲಿ ಅಂದುಕೊಂಡಿದ್ದೆ.

ಈ ಸಲ ಕಾಗದ ಬರೆಯಲಿಲ್ಲ. ಪಾಳಿ ಮುಗಿದ ಮೇಲಿನ ಆ ಅರ್ಧ ಗಂಟೆಯನ್ನು ಏನು ಮಾಡುವುದು ಎಂಬುದಷ್ಟೇ ಮಾತಾಯಿತು. ಬಸ್ ನಿಲ್ದಾಣದ ಪಕ್ಕದ ಪುರಸಭೆಯ ಈಜುಕೊಳದಲ್ಲಿ ಬಿಸಿ ಹಬೆಯ ಕೋಣೆ ಇತ್ತು; ಬಿಸಿ ಇದೆ, ಏಕಾಂತವಿದೆ, ಅತಿನೇರಳೆ ಇಲ್ಲ. ತಿಂಗಳ ಪಾಸ್ ಸನ್‌ಬೆಡ್ಡಿನ ಖರ್ಚಿಗಿಂತ ಕಡಿಮೆ ಬಿತ್ತು. ಚಳಿಗಾಲಕ್ಕೆ, ಅವಳ ವೈದ್ಯರನ್ನು ಕೇಳಿ, ಸಂಜೆ ಎದ್ದಾಗ ಎದುರಿಗಿಟ್ಟುಕೊಳ್ಳುವ 10,000 ಲಕ್ಸ್‌ನ ಬೆಳಕಿನ ಪೆಟ್ಟಿಗೆ. ಮಂಕು ಕವಿದ ಮನಸ್ಸಿಗೆಂದು ಬಳಸುವ ಈ ದೀಪದಲ್ಲಿ ಅತಿನೇರಳೆಯನ್ನು ಸೋಸಿರುತ್ತಾರೆ. ವಿಟಮಿನ್ ಡಿಗೆ ದಿನಕ್ಕೆ 10 ಮೈಕ್ರೋಗ್ರಾಂ ಮಾತ್ರೆ. ಆ ವಿಟಮಿನ್ನನ್ನು ಚರ್ಮ ತಯಾರಿಸಲು ಬೇಕಾದದ್ದು ಯುವಿಬಿ. ಯುವಿಎಯೇ ಹೆಚ್ಚಿರುವ ಸನ್‌ಬೆಡ್ ಅದಕ್ಕೆ ದುಬಾರಿ ಮತ್ತು ಅಪಾಯದ ದಾರಿ. ಮೇಲೆ ಹೇಳಿದ ಗೆಳೆಯನಿಗೂ ಇದನ್ನೇ ಹೇಳಿದೆ. ಕಂದು ಚರ್ಮದವರು ಈ ಮಾತ್ರೆಯನ್ನು ವರ್ಷವಿಡೀ ತೆಗೆದುಕೊಳ್ಳುವುದು ಒಳ್ಳೆಯದು ಎಂಬುದು ಇಲ್ಲಿನ ಸರ್ಕಾರಿ ಸಲಹೆ.

ಬಣ್ಣವೂ ಬೇಕೆನಿಸಿದ ದಿನಕ್ಕೆ ಹಚ್ಚುವ ಕಂದು ಲೋಷನ್. ಅದರಲ್ಲಿರುವ ಡೈಹೈಡ್ರಾಕ್ಸಿ ಅಸಿಟೋನ್ ಚರ್ಮದ ಮೇಲ್ಪದರದ ಸತ್ತ ಕೋಶಗಳ ಪ್ರೋಟೀನಿನ ಜೊತೆ ಸೇರಿ ಕಂದಾಗುತ್ತದೆ. ಕಾವಲಿಯ ಮೇಲೆ ದೋಸೆ ಕೆಂಪಾಗುವುದೂ ಇದೇ ಬಗೆಯ ರಾಸಾಯನಿಕ ಕ್ರಿಯೆಯಿಂದ. ಐದಾರು ದಿನದಲ್ಲಿ ಕೋಶಗಳೊಂದಿಗೆ ಉದುರಿ ಹೋಗುತ್ತದೆ. ಬಿಸಿಲಿನಿಂದ ಮಾತ್ರ ಕಾಪಾಡುವುದಿಲ್ಲ, ಆದ್ದರಿಂದ ಮೇಲೆ ಸನ್‌ಸ್ಕ್ರೀನ್ ಬೇಕೇ ಬೇಕು. ಮೊದಲ ಸಲ ಅಂಗೈ ತೊಳೆಯಲು ಮರೆತು, ಎರಡು ದಿನ ಅರಿಸಿನ ಅರೆದವಳಂತೆ ಓಡಾಡಿದಳು.

ಆಮೇಲೆ

ಆಗಸ್ಟಿನಲ್ಲಿ ವಾರಕ್ಕೊಮ್ಮೆ, ಅಕ್ಟೋಬರಿನಿಂದ ಇಲ್ಲ. ಡಿಸೆಂಬರಿನಲ್ಲಿ ಎರಡು ಸಲ ಹೋದದ್ದನ್ನು ತಾನೇ ಬಂದು ಹೇಳಿದಳು. ಒಂದೇ ವಾರದಲ್ಲಿ ಮೂವರು ತೀರಿಕೊಂಡಿದ್ದರಂತೆ. ಬೈಯಲಿಲ್ಲ. ಚರ್ಮ ವಿಭಾಗದವರು ಹೇಳಿದಂತೆ ಮಚ್ಚೆಗಳ ಫೋಟೋ ತಿಂಗಳಿಗೊಮ್ಮೆ ನಡೆಯುತ್ತಿದೆ. ಹದಿನೈದರಿಂದ ಬಿದ್ದ ಕಿರಣದ ಲೆಕ್ಕ ಮಾತ್ರ ಚರ್ಮದಲ್ಲಿ ಉಳಿದೇ ಇದೆ. ಅದನ್ನು ಅಳಿಸುವ ಮುಲಾಮು ನನ್ನ ಕಪಾಟಿನಲ್ಲಿಲ್ಲ.

ಒಂದು ವಿಷಯ ನನ್ನನ್ನು ಈಗಲೂ ಕೊರೆಯುತ್ತದೆ. ಬಿಟ್ಟಾಗ ಅವಳ ಖಾತೆಯಲ್ಲಿ ಹಣ ಕೊಟ್ಟು ಕೊಂಡ 43 ನಿಮಿಷ ಉಳಿದಿತ್ತು. ಅಂಗಡಿಯವರು ಹಣ ಹಿಂದಿರುಗಿಸುವುದಿಲ್ಲ ಎಂದರು. ವ್ಯರ್ಥವಾಗಬಾರದೆಂದು ಅದನ್ನು ಪಾಳಿಯ ಜೊತೆಗಾತಿ, ಹತ್ತೊಂಬತ್ತರ ಹುಡುಗಿಯೊಬ್ಬಳಿಗೆ ಬರೆಸಿಕೊಟ್ಟಿದ್ದಳು. ನನಗೆ ತಿಳಿಯುವ ಹೊತ್ತಿಗೆ ಅವು ಮುಗಿದಿದ್ದವು.

ಈಗ ಡಾಕ್ಸಿಸೈಕ್ಲಿನ್ ಕೊಡುವಾಗ ಸಾಲು ಎಷ್ಟೇ ಉದ್ದವಿರಲಿ, ಡಬ್ಬಿಯನ್ನು ಕೈಯಲ್ಲಿ ಹಿಡಿದೇ ‘ಸನ್‌ಬೆಡ್ಡಿಗೆ ಹೋಗುತ್ತೀರಾ?’ ಎಂದು ಕೇಳುತ್ತೇನೆ. ಹೆಚ್ಚಿನವರು ನಕ್ಕು ಇಲ್ಲ ಎನ್ನುತ್ತಾರೆ. ಕಳೆದ ವಾರ ಐವತ್ತು ದಾಟಿದ ಲಾರಿ ಚಾಲಕರೊಬ್ಬರು ನಗಲಿಲ್ಲ. ಆಚೀಚೆ ನೋಡಿ, ‘ವಾರಕ್ಕೊಮ್ಮೆ, ಬೆನ್ನುನೋವಿಗೆ,’ ಎಂದರು. ಒಳಗಿನ ಕೋಣೆಯ ಬಾಗಿಲು ತೆರೆದೆ.